‘ಚೆಕ್’ ಎಂಬ ಪದ: ಚದುರಂಗದ ಮಣೆಯಿಂದ ಬ್ಯಾಂಕಿನ ಕಿಟಕಿಯವರೆಗೆ

ಪ್ರಶ್ನೆ: ವಿದ್ಯಾರ್ಥಿಗಳಿಗಾಗಿ ಒಂದು ಪುಟ್ಟ ಇಂಗ್ಲಿಷ್–ಕನ್ನಡ ಪದಕೋಶ ಸಿದ್ಧಪಡಿಸುತ್ತಿದ್ದೇನೆ. ‘ಚೆಕ್’ ಪದದ ಬಳಿ ಬಂದು ನಿಂತುಬಿಟ್ಟಿದ್ದೇನೆ. ಬ್ಯಾಂಕಿಗೆ ಕೊಡುವುದು ಚೆಕ್, ಅಂಗಿಯ ಮೇಲಿನ ಚೌಕಳಿ ಚೆಕ್ಸ್, ಚದುರಂಗದಲ್ಲಿ ರಾಜನಿಗೆ ಕೊಡುವುದು ಚೆಕ್, ಲೆಕ್ಕವನ್ನು ಸರಿನೋಡುವುದೂ ಚೆಕ್. ‘ಕೀಪ್ ಇನ್ ಚೆಕ್’ ಎಂದರೆ ಹಿಡಿತದಲ್ಲಿಡುವುದು. ಅಮೆರಿಕದವರಿಗೆ ಹೋಟೆಲಿನ ಬಿಲ್ಲೂ ಚೆಕ್. ಇವೆಲ್ಲ ಒಂದೇ ಪದದ ಅರ್ಥಗಳೇ, ಅಥವಾ ಉಚ್ಚಾರಣೆ ಮಾತ್ರ ಒಂದಾಗಿರುವ ಬೇರೆ ಬೇರೆ ಪದಗಳೇ? ಬ್ಯಾಂಕಿನ ಚೆಕ್ ಅರಬ್ಬಿ ಭಾಷೆಯಿಂದ ಬಂದದ್ದು ಎಂದು ಓದಿದ್ದೇನೆ, ಅದು ನಿಜವೇ? ಝೆಕ್ ದೇಶದ ಹೆಸರಿಗೂ ಇದಕ್ಕೂ ಸಂಬಂಧವಿದೆಯೇ? ಪದಕೋಶದಲ್ಲಿ ಒಂದೇ ನಮೂದು ಸಾಕೋ, ಹಲವು ಬೇಕೋ?

ಉತ್ತರ: ಝೆಕ್ ಒಂದನ್ನು ಬಿಟ್ಟರೆ ನೀವು ಪಟ್ಟಿ ಮಾಡಿರುವ ಅರ್ಥಗಳೆಲ್ಲ ಒಂದೇ ಬೇರಿನವು. ಆ ಬೇರು ಪರ್ಷಿಯನ್ ಭಾಷೆಯ ‘ಷಾಹ್’, ಅಂದರೆ ರಾಜ. ರಾಜನಿಗೂ ಅಂಗಿಯ ಚೌಕಳಿಗೂ ಎತ್ತಣಿಂದೆತ್ತ ಸಂಬಂಧ ಎಂದು ಮೊದಲಿಗೆ ಅನ್ನಿಸುತ್ತದೆ. ಆದರೆ ಅರ್ಥವೊಂದು ಈ ತುದಿಯಿಂದ ಆ ತುದಿಗೆ ಒಮ್ಮೆಲೇ ಹಾರಿರುವುದು ಅಪರೂಪ. ಪಕ್ಕದ ಅರ್ಥಕ್ಕೆ ಒಂದು ಹೆಜ್ಜೆ, ಅಲ್ಲಿಂದ ಅದರ ಪಕ್ಕಕ್ಕೆ ಇನ್ನೊಂದು ಹೆಜ್ಜೆ, ಹೀಗೆ ಶತಮಾನಗಟ್ಟಲೆ ನಡೆದಿರುತ್ತದೆ. ನಡುವಿನ ಹೆಜ್ಜೆಗಳು ಮರೆತುಹೋದಾಗ ಎರಡು ತುದಿಗಳು ಮಾತ್ರ ಕಣ್ಣಿಗೆ ಬಿದ್ದು ನಮ್ಮನ್ನು ಕಂಗೆಡಿಸುತ್ತವೆ. ಈ ಪದದ ಅದೃಷ್ಟವೆಂದರೆ, ಅದರ ಹೆಜ್ಜೆಗಳು ಬಹುಪಾಲು ದಾಖಲೆಗಳಲ್ಲಿ ಉಳಿದುಕೊಂಡಿವೆ. ಒಂದೊಂದಾಗಿ ನೋಡೋಣ.

ಭಾರತದ ಚತುರಂಗ ಪರ್ಷಿಯಾಕ್ಕೆ ಹೋಗಿ ‘ಚತ್ರಂಗ್’ ಆಯಿತು, ಅರಬ್ಬರ ಬಾಯಲ್ಲಿ ‘ಶತ್ರಂಜ್’ ಆಯಿತು. ಎದುರಾಳಿಯ ರಾಜನ ಮೇಲೆ ಕಾಯಿ ಬಿದ್ದಾಗ ‘ಷಾಹ್!’ ಎಂದು ಕೂಗಿ ಎಚ್ಚರಿಸುವುದು ಆಟದ ಪದ್ಧತಿ. ‘ನಿನ್ನ ರಾಜನಿಗೆ ಅಪಾಯ ಬಂದಿದೆ, ನೋಡಿಕೋ’ ಎಂಬುದು ಅದರ ತಾತ್ಪರ್ಯ. ಅರಬ್ಬರ ಮೂಲಕ ಆಟ ಯೂರೋಪಿಗೆ ಹೋದಾಗ ಈ ಕೂಗೂ ಜೊತೆಯಲ್ಲೇ ಹೋಯಿತು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಅದು ‘ಸ್ಕಾಕಸ್’ ಆಯಿತು, ಹಳೆಯ ಫ್ರೆಂಚಿನಲ್ಲಿ ‘ಎಸ್ಚೆಕ್’ ಆಯಿತು. ಇಂಗ್ಲಿಷಿನವರು ಮೊದಲ ‘ಎಸ್’ ಅನ್ನು ಉದುರಿಸಿ ‘ಚೆಕ್’ ಎಂದರು. 14ನೇ ಶತಮಾನದ ಹೊತ್ತಿಗೆ ಇಂಗ್ಲಿಷ್ ಬರಹದಲ್ಲಿ ಈ ಪದ ನೆಲೆಯೂರಿತ್ತು.

ಪರ್ಷಿಯನ್ ‘ಷಾಹ್’ ಪದದ ಹಳೆಯ ರೂಪ ‘ಕ್ಷಾಯಥಿಯ’. ಪ್ರಾಚೀನ ಪರ್ಷಿಯಾದ ಸಾಮ್ರಾಟರು ಬಂಡೆಗಳ ಮೇಲೆ ಕೊರೆಸಿದ ಶಾಸನಗಳಲ್ಲಿ ತಮ್ಮನ್ನು ಕರೆದುಕೊಂಡದ್ದು ಈ ಪದದಿಂದಲೇ. ಆಳು, ಒಡೆತನ ನಡೆಸು ಎಂಬ ಅರ್ಥದ ಧಾತುವಿನಿಂದ ಅದು ಹುಟ್ಟಿದೆ, ನಮ್ಮ ‘ಕ್ಷತ್ರ’, ‘ಕ್ಷತ್ರಿಯ’ ಪದಗಳೂ ಅದೇ ಧಾತುವಿನ ಸಂತಾನ. ಹಾಗಾಗಿ ‘ಚೆಕ್’ ಮತ್ತು ‘ಕ್ಷತ್ರಿಯ’ ದೂರದ ದಾಯಾದಿಗಳು. ನಾನು ಪಾಠ ಮಾಡುವಾಗ ಇಲ್ಲಿಗೆ ಬಂದು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಈ ಒಂದು ಸಂಗತಿ ಮನಸ್ಸಿಗೆ ಇಳಿದರೆ ವಿದ್ಯಾರ್ಥಿಗೆ ನಿರುಕ್ತದ, ಅಂದರೆ ಪದಗಳ ಹುಟ್ಟನ್ನು ಹುಡುಕುವ ವಿದ್ಯೆಯ, ರುಚಿ ಹತ್ತುತ್ತದೆ.

‘ಚೆಸ್’ ಎಂಬ ಆಟದ ಹೆಸರೂ ಇದೇ ಪದ. ‘ಎಸ್ಚೆಕ್’ನ ಬಹುವಚನ ‘ಎಸ್ಚೆಸ್’. ಅದರ ಮೊದಲ ಅಕ್ಷರಗಳು ಬಿದ್ದು ‘ಚೆಸ್’ ಉಳಿಯಿತು. ಅಂದರೆ ಚೆಸ್ ಎನ್ನುವುದು ಹುಟ್ಟಿನಲ್ಲಿ ಚೆಕ್ ಪದದ ಬಹುವಚನವೇ. ಇಟಾಲಿಯನ್ನಿನ ‘ಸ್ಕಾಕಿ’, ಜರ್ಮನ್ನಿನ ‘ಶಾಖ್’ ಕೂಡ ಷಾಹ್‌ನ ಮಕ್ಕಳೇ. ಸ್ಪೇನ್ ಮತ್ತು ಪೋರ್ಚುಗಲ್ ಮಾತ್ರ ಬೇರೆ ದಾರಿ ಹಿಡಿದವು. ಅವು ಕೂಗನ್ನು ಬಿಟ್ಟು ಆಟದ ಅರಬ್ಬಿ ಹೆಸರಾದ ಶತ್ರಂಜ್ ಅನ್ನೇ ಎತ್ತಿಕೊಂಡವು. ಸ್ಪ್ಯಾನಿಷಿನ ‘ಅಹೆದ್ರೆಸ್’, ಪೋರ್ಚುಗೀಸಿನ ‘ಶದ್ರೆಸ್’ ಹೀಗೆ ಬಂದವು. ಅವುಗಳ ಒಳಗೆ ನಮ್ಮ ‘ಚತುರಂಗ’ ಈಗಲೂ ಇದೆ.

‘ಚೆಕ್‌ಮೇಟ್’ನಲ್ಲಿರುವ ‘ಮೇಟ್’ ಗೆಳೆಯ, ಜೊತೆಗಾರ ಎಂಬ ಅರ್ಥದ ಇಂಗ್ಲಿಷ್ ಪದವಲ್ಲ. ವಿದ್ಯಾರ್ಥಿಗಳು ಎಡವುವ ಜಾಗ ಇದು, ನಿಮ್ಮ ಪದಕೋಶದಲ್ಲಿ ಒಂದು ಸಾಲಿನ ಟಿಪ್ಪಣಿ ಕೊಡಿ. ಇದು ‘ಷಾಹ್ ಮಾತ್’. ಅರಬ್ಬಿಯಲ್ಲಿ ‘ಮಾತ’ ಎಂದರೆ ಸತ್ತನು. ಅದರಿಂದ ‘ರಾಜ ಸತ್ತ’ ಎಂಬ ವಿವರಣೆ ಬಹುಕಾಲ ಚಾಲ್ತಿಯಲ್ಲಿತ್ತು. ಆದರೆ ಪರ್ಷಿಯನ್ನಿನಲ್ಲಿ ‘ಮಾತ್’ ಎಂದರೆ ದಿಕ್ಕುಗೆಟ್ಟು ನಿಂತವನು, ಏನೂ ತೋಚದವನು. ನನಗೆ ಈ ಎರಡನೆಯದೇ ಸರಿ ಎನ್ನಿಸುತ್ತದೆ. ಚದುರಂಗದಲ್ಲಿ ಆನೆ, ಕುದುರೆ, ಮಂತ್ರಿಗಳೆಲ್ಲ ಮಣೆಯಿಂದ ಹೊರಗೆ ಹೋಗುತ್ತಾರೆ, ರಾಜನನ್ನು ಮಾತ್ರ ಯಾರೂ ಎತ್ತಿ ಹೊರಗಿಡುವುದಿಲ್ಲ. ಅವನು ಸಾಯುವುದಿಲ್ಲ, ಎತ್ತ ಹೋಗಲೂ ದಾರಿಯಿಲ್ಲದೆ ನಿಲ್ಲುತ್ತಾನೆ. ಆಟದ ನಿಯಮವೇ ಪರ್ಷಿಯನ್ ಅರ್ಥದ ಪರವಾಗಿ ಸಾಕ್ಷಿ ಹೇಳುತ್ತಿದೆ.

ಇನ್ನು ಅರ್ಥದ ಮೊದಲ ಹೆಜ್ಜೆ. ಚೆಕ್ ಎಂದು ಕೂಗಿದ ಕೂಡಲೇ ಎದುರಾಳಿಯ ಎಲ್ಲ ಯೋಜನೆಗಳೂ ನಿಂತುಹೋಗುತ್ತವೆ. ಅವನು ಬೇರೆ ಯಾವ ಕಾಯಿಯನ್ನೂ ತನಗೆ ಬೇಕಾದಂತೆ ನಡೆಸುವಂತಿಲ್ಲ, ಮೊದಲು ರಾಜನನ್ನು ಉಳಿಸಿಕೊಳ್ಳಬೇಕು. ಆಟದ ಹೊರಗೂ ‘ಚೆಕ್’ ಎಂದರೆ ಹಠಾತ್ತನೆ ಎದುರಾಗುವ ತಡೆ ಎಂಬ ಅರ್ಥ ಬಂದದ್ದು ಇಲ್ಲಿಂದ. ಓಡುತ್ತಿರುವವನನ್ನು ತಡೆದು ನಿಲ್ಲಿಸಿದರೆ ಅದು ಚೆಕ್, ಮುನ್ನುಗ್ಗುತ್ತಿರುವ ಸೇನೆಯನ್ನು ಅಡ್ಡಗಟ್ಟಿದರೆ ಅದೂ ಚೆಕ್. ಬೇಟೆನಾಯಿಗಳು ವಾಸನೆಯ ಜಾಡು ತಪ್ಪಿ ಗಕ್ಕನೆ ನಿಂತರೆ ಬೇಟೆಗಾರರ ಭಾಷೆಯಲ್ಲಿ ಅದು ಚೆಕ್. ಐಸ್ ಹಾಕಿಯಲ್ಲಿ ಎದುರಾಳಿಗೆ ಮೈಯೊಡ್ಡಿ ತಡೆಯುವುದು ‘ಬಾಡಿ ಚೆಕ್’. ಪೈಪಿನೊಳಗಿನ ದ್ರವ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ ‘ಚೆಕ್ ವಾಲ್ವ್’. ಫ್ರೆಂಚರು ಇದೇ ಪದವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿದ್ದಾರೆ, ಇಂದಿನ ಫ್ರೆಂಚಿನಲ್ಲಿ ‘ಎಶೆಕ್’ ಎಂದರೆ ಸೋಲು, ವಿಫಲತೆ.

ಒಮ್ಮೆ ತಡೆಯುವುದರಿಂದ ಸದಾ ತಡೆಹಿಡಿದಿಡುವುದಕ್ಕೆ ದೂರವೇನೂ ಇಲ್ಲ. ‘ಕೀಪ್ ಇನ್ ಚೆಕ್’ ಇರುವುದು ಈ ಹೆಜ್ಜೆಯಲ್ಲಿ. ಕೋಪಕ್ಕೆ ಕಡಿವಾಣ, ವೆಚ್ಚಕ್ಕೆ ಅಂಕುಶ, ರೋಗ ಹರಡದಂತೆ ಹಿಡಿತ, ಇವೆಲ್ಲ ಇಂಗ್ಲಿಷಿನಲ್ಲಿ ಚೆಕ್. ಸರ್ಕಾರದ ಮೂರು ಅಂಗಗಳ ಬಗ್ಗೆ ಮಾತನಾಡುವಾಗ ಬರುವ ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ ಕೂಡ ಈ ಅರ್ಥದ್ದೇ. ಅಲ್ಲಿ ಚೆಕ್ ಎಂದರೆ ತಪಾಸಣೆಯಲ್ಲ. ಒಂದು ಅಂಗ ಮಿತಿ ಮೀರಿದರೆ ಇನ್ನೊಂದು ಅದನ್ನು ತಡೆಯಬಲ್ಲದು ಎಂಬುದು ಅದರ ಅರ್ಥ. ‘ತಪಾಸಣೆ ಮತ್ತು ಸಮತೋಲನ’ ಎಂಬ ಅನುವಾದ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಬೇಸರವಾಗುತ್ತದೆ. ‘ತಡೆ ಮತ್ತು ಸಮತೋಲನ’ ಎಂದರೆ ವಿಷಯ ಅರ್ಥವಾಗುತ್ತದೆ.

ಮುಂದಿನ ಹೆಜ್ಜೆ ತಡೆಯಿಂದ ಪರಿಶೀಲನೆಗೆ. ಇಂದು ನಾವು ಹೆಚ್ಚಾಗಿ ಬಳಸುವ ಅರ್ಥ ಇದೇ ಆದರೂ ಇದು ತಡವಾಗಿ ಬಂದದ್ದು. ಒಂದನ್ನು ಇನ್ನೊಂದರ ಜೊತೆ ಇಟ್ಟು ತಾಳೆ ನೋಡುವುದು ಎಂಬ ಅರ್ಥ ಸ್ಪಷ್ಟವಾಗಿ ಕಾಣಿಸುವುದು 17ನೇ ಶತಮಾನದ ಕೊನೆಯ ಹೊತ್ತಿಗೆ. ತಡೆಯುವುದು ತಾಳೆ ನೋಡುವುದಾದದ್ದು ಹೇಗೆ? ಲೆಕ್ಕ ಬರೆಯುವವನ ಕೈ ಹಿಡಿತ ತಪ್ಪದಂತೆ ತಡೆಯಲು ಇರುವ ಉಪಾಯ ಒಂದೇ, ಅವನ ಲೆಕ್ಕದ ಇನ್ನೊಂದು ಪ್ರತಿಯನ್ನು ಬೇರೊಬ್ಬನ ಬಳಿ ಇಟ್ಟು ಎರಡನ್ನೂ ಹೋಲಿಸುವುದು. ಹೋಲಿಕೆ ಇದ್ದಲ್ಲಿ ವಂಚನೆಗೆ ತಡೆ ಬೀಳುತ್ತದೆ. ಹೀಗೆ ತಡೆಯುವ ಸಾಧನವಾಗಿದ್ದ ಹೋಲಿಕೆಗೇ ‘ಚೆಕ್’ ಎಂಬ ಹೆಸರು ಅಂಟಿಕೊಂಡಿತು.

‘ಕಂಟ್ರೋಲ್’ ಪದ ಈ ವಿವರಣೆಗೆ ಬೆಂಬಲ ಕೊಡುತ್ತದೆ. ಅದರ ಮೂಲ ‘ಕಾಂತ್ರಾರೋತುಲುಸ್’, ಅಂದರೆ ಪ್ರತಿ-ಸುರುಳಿ, ಮೂಲ ದಾಖಲೆಗೆ ಎದುರಾಗಿ ಇಟ್ಟುಕೊಂಡ ಇನ್ನೊಂದು ಲೆಕ್ಕದ ಸುರುಳಿ. ತಾಳೆ ನೋಡುವ ದಾಖಲೆಯಿಂದ ಹೊರಟ ಆ ಪದ ಹಿಡಿತ ಎಂಬ ಅರ್ಥಕ್ಕೆ ಬಂದು ನಿಂತಿತು. ಹಿಡಿತದಿಂದ ಹೊರಟ ಚೆಕ್ ತಾಳೆ ನೋಡುವುದಕ್ಕೆ ಬಂದು ನಿಂತಿತು. ಎರಡೂ ಒಂದೇ ದಾರಿಯಲ್ಲಿ ಎದುರುಬದುರು ದಿಕ್ಕಿಗೆ ನಡೆದ ಪದಗಳು. ಒಂದು ದಾರಿಯಲ್ಲಿ ಎರಡೂ ಕಡೆಯ ಹೆಜ್ಜೆಗುರುತು ಸಿಕ್ಕರೆ ಅಲ್ಲಿ ದಾರಿ ಇತ್ತೆಂದು ಧೈರ್ಯವಾಗಿ ಹೇಳಬಹುದು.

ಇಷ್ಟು ಕಾಯಿಯ ಕತೆ. ಇದಕ್ಕೆ ಸಮಾನಾಂತರವಾಗಿ ಮಣೆಯ ಕತೆ ಇದೆ, ಅದೇ ಹೆಚ್ಚು ರೋಚಕ. ಚೌಕಗಳಿಂದ ತುಂಬಿದ ಚದುರಂಗದ ಮಣೆಗೆ ಲ್ಯಾಟಿನ್ನಿನಲ್ಲಿ ‘ಸ್ಕಾಕಾರಿಯಂ’, ಫ್ರೆಂಚಿನಲ್ಲಿ ‘ಎಸ್ಚೆಕಿಯೆರ್’ ಎಂಬ ಹೆಸರಿತ್ತು. ಅದರಂತೆ ಚೌಕಚೌಕವಾಗಿ ನೇಯ್ದ ಬಟ್ಟೆ ‘ಚೆಕರ್ಡ್’ ಆಯಿತು, ಆಮೇಲೆ ಮೊಟಕಾಗಿ ‘ಚೆಕ್’ ಆಯಿತು. ನಿಮ್ಮ ಪಟ್ಟಿಯಲ್ಲಿರುವ ಚೌಕಳಿ ಅಂಗಿ ಇಲ್ಲಿಂದ ಬಂದದ್ದು. ಮೋಟಾರು ರೇಸಿನ ಕೊನೆಗೆ ಬೀಸುವ ಕಪ್ಪು-ಬಿಳಿ ಚೌಕಗಳ ಬಾವುಟ ‘ಚೆಕರ್ಡ್ ಫ್ಲ್ಯಾಗ್’. ಏಳುಬೀಳುಗಳಿಂದ ಕೂಡಿದ ಬದುಕಿಗೆ ‘ಚೆಕರ್ಡ್ ಕರಿಯರ್’ ಎನ್ನುವುದೂ ಕಪ್ಪು ಚೌಕದ ಪಕ್ಕ ಬಿಳಿ ಚೌಕ ಇರುವ ಮಣೆಯನ್ನು ನೆನೆದೇ. ಪೋರ್ಚುಗೀಸಿನಲ್ಲೂ ಹೀಗೇ ಆಗಿದೆ. ಅಲ್ಲಿ ‘ಶದ್ರೆಸ್’ ಎಂದರೆ ಚದುರಂಗವೂ ಹೌದು, ಚೌಕಳಿ ಬಟ್ಟೆಯೂ ಹೌದು. ಬೇರೆ ಪದ, ಬೇರೆ ದೇಶ, ಆದರೂ ಅದೇ ಹೆಜ್ಜೆ. ಮಣೆ ಕಂಡವರಿಗೆ ಬಟ್ಟೆ ನೆನಪಾಗುವುದು ಸಹಜವೆಂದು ಇದರಿಂದ ತಿಳಿಯುತ್ತದೆ.

ಮಣೆ ಇಂಗ್ಲೆಂಡಿನ ರಾಜನ ಬೊಕ್ಕಸಕ್ಕೂ ಹೆಸರು ಕೊಟ್ಟಿತು. ಬ್ರಿಟನ್ನಿನ ಹಣಕಾಸು ಸಚಿವರನ್ನು ಇಂದಿಗೂ ‘ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್’ ಎನ್ನುತ್ತಾರೆ. ಆ ‘ಎಕ್ಸ್‌ಚೆಕರ್’ ಎಂದರೆ ಚದುರಂಗದ ಮಣೆ. ಅದರ ‘ಎಕ್ಸ್’ ಕೂಡ ಮೂಲದಲ್ಲಿ ಇರಲಿಲ್ಲ. ಫ್ರೆಂಚಿನ ‘ಎಸ್’ ಲ್ಯಾಟಿನ್ನಿನ ‘ಎಕ್ಸ್’ನಿಂದ ಸವೆದು ಬಂದಿರಬೇಕೆಂದು ಊಹಿಸಿದ ಬರಹಗಾರರು ಅದನ್ನು ತಿದ್ದಿ ಬರೆದರು, ಅದೇ ನಿಂತಿತು.

ಈ ಹೆಸರಿನ ಹಿನ್ನೆಲೆಯನ್ನು ನಾವು ಊಹಿಸಬೇಕಾಗಿಲ್ಲ. ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿಯ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್ ಎಂಬವನು 1170ರ ದಶಕದಲ್ಲಿ ಬೊಕ್ಕಸದ ಕಾರ್ಯವಿಧಾನದ ಬಗ್ಗೆ ಲ್ಯಾಟಿನ್ನಿನಲ್ಲಿ ಒಂದು ಗ್ರಂಥ ಬರೆಯಲು ತೊಡಗಿದ. ಗುರು-ಶಿಷ್ಯರ ಸಂವಾದದ ರೂಪದಲ್ಲಿರುವ ಆ ಗ್ರಂಥದಲ್ಲಿ ಶಿಷ್ಯ ಮೊದಲು ಕೇಳುವ ಪ್ರಶ್ನೆಗಳಲ್ಲೊಂದು ‘ಇದಕ್ಕೆ ಚದುರಂಗದ ಮಣೆ ಎಂಬ ಹೆಸರೇಕೆ’ ಎಂಬುದು. ಗುರು ಕೊಡುವ ವಿವರಣೆಯಿಂದ ಆ ಮೇಜು ನಮ್ಮ ಕಣ್ಣೆದುರಿಗೆ ಬರುತ್ತದೆ. ಉದ್ದ ಸುಮಾರು ಹತ್ತು ಅಡಿ, ಅಗಲ ಐದು ಅಡಿ. ಮೇಲಿಟ್ಟದ್ದು ಕೆಳಗೆ ಬೀಳದಂತೆ ಸುತ್ತಲೂ ನಾಲ್ಕು ಬೆರಳೆತ್ತರದ ಅಂಚುಪಟ್ಟಿ. ಮೇಜಿನ ಮೇಲೆ ಹೊದಿಸಿದ ಕಪ್ಪು ಬಟ್ಟೆ, ಅದರ ಮೇಲೆ ಒಂದಡಿ ಅಥವಾ ಒಂದು ಗೇಣು ಅಂತರಕ್ಕೆ ಎಳೆದ ಗೀಟುಗಳು. ಗೀಟುಗಳ ನಡುವಿನ ಜಾಗದಲ್ಲಿ ಲೆಕ್ಕದ ಬಿಲ್ಲೆಗಳನ್ನಿಟ್ಟು ಹಣ ಎಣಿಸುತ್ತಿದ್ದರು. ಒಂದು ಅಂಕಣ ಪೆನ್ನಿ ನಾಣ್ಯಕ್ಕೆ, ಮುಂದಿನದು ಷಿಲಿಂಗಿಗೆ, ಅದರ ಮುಂದಿನದು ಪೌಂಡಿಗೆ, ಆಮೇಲೆ ಇಪ್ಪತ್ತು ಪೌಂಡು, ನೂರು, ಸಾವಿರ. ಬಿಲ್ಲೆ ಒಂದೇ ಆದರೂ ಕೂತ ಮನೆಯ ಮೇಲೆ ಅದರ ಬೆಲೆ. ರೋಮನ್ ಅಂಕಿಗಳಲ್ಲಿ ದೊಡ್ಡ ಮೊತ್ತ ಕೂಡುವ ಕಳೆಯುವ ಕಷ್ಟ ನೆನೆದರೆ ಈ ಬಟ್ಟೆಯ ಉಪಕಾರ ತಿಳಿಯುತ್ತದೆ. ಖಾಲಿ ಮನೆಯೇ ಸೊನ್ನೆ, ಸೊನ್ನೆಗೆ ಪ್ರತ್ಯೇಕ ಚಿಹ್ನೆಯೇ ಬೇಕಾಗಿರಲಿಲ್ಲ.

ಇದು ಮೇಲ್ನೋಟದ ಹೋಲಿಕೆಯಷ್ಟೇ ಅಲ್ಲ ಎಂದು ಫಿಟ್ಸ್‌ನೀಲ್‌ನ ಗುರು ಮುಂದುವರಿಸುತ್ತಾನೆ. ಚದುರಂಗದಲ್ಲಿ ಇಬ್ಬರು ರಾಜರ ನಡುವೆ ಯುದ್ಧ ನಡೆಯುವಂತೆ ಇಲ್ಲಿ ಖಜಾಂಚಿಗೂ ಲೆಕ್ಕ ಒಪ್ಪಿಸಲು ಬಂದ ಶೆರಿಫ್‌ಗೂ ನಡುವೆ ಯುದ್ಧ. ಉಳಿದವರು ಸುತ್ತ ಕುಳಿತು ನೋಡಿ ತೀರ್ಪು ಹೇಳುವವರು. ಶೆರಿಫ್ ಎಂದರೆ ಒಂದೊಂದು ಸೀಮೆಯಲ್ಲಿ ರಾಜನ ಪರವಾಗಿ ಹಣ ವಸೂಲು ಮಾಡುತ್ತಿದ್ದ ಅಧಿಕಾರಿ. ತಾನು ಕೊಡಬೇಕಾದದ್ದು ಒಂದು ಸಾಲು, ಕೊಟ್ಟದ್ದು ಇನ್ನೊಂದು ಸಾಲು. ಎರಡರ ನಡುವಿನ ಅಂತರ ಎಲ್ಲರ ಕಣ್ಣೆದುರೇ ಬಿಲ್ಲೆಗಳಾಗಿ ಕೂತಿರುತ್ತಿತ್ತು. ಅಕ್ಷರ ಬಾರದ ಶೆರಿಫ್‌ಗೂ ತನ್ನ ಬಾಕಿ ಎಷ್ಟೆಂದು ಕಾಣುತ್ತಿತ್ತು. ತಡೆ, ತಾಳೆ, ಚೌಕಳಿ, ಈ ಮೂರು ಅರ್ಥಗಳೂ ಒಂದೇ ಮೇಜಿನ ಸುತ್ತ ಹೀಗೆ ಕೂಡಿದ್ದನ್ನು ನೋಡಿದರೆ, ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಆ ಮೇಜಿನ ಪಕ್ಕದಲ್ಲಿ ಇನ್ನೊಂದು ಸಾಧನವಿತ್ತು: ಕಚ್ಚುಗಳನ್ನು ಹಾಕಿದ ಮರದ ಕಡ್ಡಿ. ಇಂಗ್ಲಿಷಿನಲ್ಲಿ ಅದು ‘ಟ್ಯಾಲಿ’. ಸಂದ ಹಣಕ್ಕೆ ಇದೇ ರಸೀದಿ. ಕಚ್ಚಿನ ಅಳತೆಯನ್ನೂ ಫಿಟ್ಸ್‌ನೀಲ್ ಬರೆದಿಟ್ಟಿದ್ದಾನೆ. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಉಬ್ಬಿದ ಬಾರ್ಲಿ ಕಾಳಿನಷ್ಟು. ಕಚ್ಚು ಹಾಕಿದ ಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ ಒಂದು ಭಾಗ ಹಣ ಕೊಟ್ಟವನಿಗೆ, ಇನ್ನೊಂದು ಭಾಗ ಬೊಕ್ಕಸಕ್ಕೆ. ಮುಂದೆ ತಕರಾರು ಬಂದರೆ ಎರಡೂ ಸೀಳುಗಳನ್ನು ಜೋಡಿಸಿ ನೋಡಿದರೆ ಸಾಕು. ಒಬ್ಬ ತನ್ನ ಭಾಗದಲ್ಲಿ ಹೊಸ ಕಚ್ಚು ಹಾಕಿದ್ದರೆ ಇನ್ನೊಂದರಲ್ಲಿ ಅದಿರುವುದಿಲ್ಲ, ಮರದ ಎಳೆಗಳೂ ಹೊಂದಬೇಕು. ಈ ಪದ್ಧತಿ 1826ರವರೆಗೂ ನಡೆಯಿತು. ಆಮೇಲೆ ರಾಶಿ ಬಿದ್ದಿದ್ದ ಹಳೆಯ ಕಡ್ಡಿಗಳನ್ನು 1834ರ ಅಕ್ಟೋಬರ್ 16ರಂದು ಲಂಡನ್ನಿನ ಸಂಸತ್ ಭವನದ ಒಲೆಗಳಲ್ಲಿ ಹಾಕಿ ಸುಡಲು ಹೊರಟರು. ಹೊಗೆಗೊಳವೆಗಳು ಮಿತಿಮೀರಿ ಕಾದು ಬೆಂಕಿ ಹತ್ತಿ ಸಂಸತ್ತಿನ ಎರಡೂ ಸದನಗಳು ಸುಟ್ಟುಹೋದವು. ವೆಸ್ಟ್‌ಮಿನ್‌ಸ್ಟರ್ ಹಾಲ್ ಎಂಬ ಹಳೆಯ ಸಭಾಂಗಣ ಹೇಗೋ ಉಳಿಯಿತು. ಇಂದು ನಾವು ಚಿತ್ರಗಳಲ್ಲಿ ನೋಡುವ ಸಂಸತ್ ಭವನ ಆ ಬೆಂಕಿಯ ನಂತರ ಕಟ್ಟಿದ್ದು.

ಕಡ್ಡಿಯ ಕತೆಯನ್ನು ಹೇಳಿದ್ದಕ್ಕೆ ಕಾರಣವಿದೆ. ಬ್ಯಾಂಕಿನ ಚೆಕ್ ಅರ್ಥವಾಗಬೇಕಾದರೆ ಈ ‘ಇನ್ನರ್ಧ’ದ ಕಲ್ಪನೆ ಬೇಕು. 18ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಹಣಕಾಸು ಬರಹಗಳಲ್ಲಿ ‘ಚೆಕ್’ ಎಂದರೆ ಹಣದ ಆದೇಶಪತ್ರವಲ್ಲ, ಅದರ ಕೌಂಟರ್‌ಫಾಯಿಲ್. ಪತ್ರವನ್ನು ಹರಿದು ಕೊಟ್ಟ ಮೇಲೆ ಪುಸ್ತಕದಲ್ಲೇ ಉಳಿಯುವ ತುಂಡು ಅದು. ಪತ್ರ ಹಿಂದಿರುಗಿದಾಗ ಆ ತುಂಡಿನ ಜೊತೆ ಹೊಂದಿಸಿ ನಕಲಿಯೋ ಅಸಲಿಯೋ ಎಂದು ತಿಳಿಯುತ್ತಿದ್ದರು. ವಂಚನೆಗೆ ತಡೆ, ಅದಕ್ಕೇ ಚೆಕ್. ಹೀಗೆ ಕೌಂಟರ್‌ಫಾಯಿಲ್ ಇರುವ ಕಾಗದದ ಮೇಲೆ ಬರೆದ ಆದೇಶಕ್ಕೂ ಅದೇ ಹೆಸರು ಬಂತು. ಶತಮಾನ ಮುಗಿಯುವ ಹೊತ್ತಿಗೆ ಉಳಿಯುವ ತುಂಡಿನ ಹೆಸರು ಹರಿದು ಕೊಡುವ ತುಂಡಿಗೆ ಪೂರ್ತಿ ವರ್ಗವಾಗಿತ್ತು.

ಇಂಗ್ಲಿಷಿನಲ್ಲಿ ಇದಕ್ಕಿರುವ ಎರಡು ಕಾಗುಣಿತಗಳ ಕತೆ ಚಿಕ್ಕದು. ಮೊದಲಿದ್ದದ್ದು ಸಿ-ಎಚ್-ಇ-ಸಿ-ಕೆ ಎಂಬ ಸರಳ ರೂಪ, ಅಮೆರಿಕದವರು ಅದನ್ನೇ ಉಳಿಸಿಕೊಂಡಿದ್ದಾರೆ. ಬ್ರಿಟನ್ನಿನಲ್ಲಿ ಎಕ್ಸ್‌ಚೆಕರ್ ಪದದ ಕ್ಯೂ-ಯು ಅಕ್ಷರಗಳ ಪ್ರಭಾವದಿಂದ ಸಿ-ಎಚ್-ಇ-ಕ್ಯೂ-ಯು-ಇ ಎಂಬ ರೂಪ ಬೆಳೆದು 19ನೇ ಶತಮಾನದಲ್ಲಿ ಗಟ್ಟಿಯಾಯಿತು. ಅದನ್ನು ನೋಡಿ ಪದ ಫ್ರೆಂಚಿನಿಂದ ನೇರವಾಗಿ ಬಂದಿದೆ ಎಂದುಕೊಳ್ಳುವವರಿದ್ದಾರೆ. ಆದದ್ದು ತಿರುಗುಮುರುಗು, ಫ್ರೆಂಚರೇ ಬ್ಯಾಂಕಿನ ಈ ಪದವನ್ನು ಇಂಗ್ಲಿಷಿನಿಂದ ಪಡೆದರು.

ಈಗ ಅರಬ್ಬಿ ಮೂಲದ ವಾದ. ಅರಬ್ಬಿಯಲ್ಲಿ ‘ಸಕ್ಕ್’ ಎಂಬ ಪದವಿದೆ, ಬರೆದುಕೊಟ್ಟ ಪತ್ರ, ಹಣದ ಒಪ್ಪಂದಪತ್ರ ಎಂದು ಅದರ ಅರ್ಥ. ಮಧ್ಯಯುಗದ ಅರಬ್ ವ್ಯಾಪಾರಿಗಳು ಒಂದೂರಲ್ಲಿ ಬರೆದ ಪತ್ರಕ್ಕೆ ಇನ್ನೊಂದೂರಲ್ಲಿ ಹಣ ಪಡೆಯುತ್ತಿದ್ದರು ಎಂಬುದೂ ನಿಜ. ಆ ವ್ಯವಸ್ಥೆಯ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ವಸ್ತುವಿನ ಇತಿಹಾಸ ಬೇರೆ, ಪದದ ಇತಿಹಾಸ ಬೇರೆ. ಇಂಗ್ಲಿಷಿನ ಚೆಕ್ ‘ಸಕ್ಕ್’ನಿಂದ ಬಂದಿದ್ದರೆ ಮೊದಲ ದಿನದಿಂದಲೇ ಅದಕ್ಕೆ ಹಣದ ಪತ್ರವೆಂಬ ಅರ್ಥ ಇರಬೇಕಿತ್ತು. ದಾಖಲೆಗಳಲ್ಲಿ ಕಾಣುವುದು ಹಾಗಲ್ಲ. ತಡೆ ಮೊದಲು, ತಾಳೆ ಆಮೇಲೆ, ಕೌಂಟರ್‌ಫಾಯಿಲ್ ಅದರ ನಂತರ, ಪತ್ರ ಕಟ್ಟಕಡೆಗೆ. ಪ್ರತಿ ಹೆಜ್ಜೆಯೂ ಇಂಗ್ಲಿಷಿನ ಒಳಗೇ ನಡೆದಿದೆ. ಉಚ್ಚಾರಣೆ ಹೋಲುತ್ತದೆ, ಅರ್ಥವೂ ಹೋಲುತ್ತದೆ ಎಂದಷ್ಟಕ್ಕೇ ಸಂಬಂಧ ಕಟ್ಟಬಾರದು. ನಡುವಿನ ಕೊಂಡಿಗಳನ್ನು ತೋರಿಸಬೇಕು. ಪ್ರಮುಖ ಇಂಗ್ಲಿಷ್ ನಿಘಂಟುಗಳು ಚದುರಂಗದ ಮೂಲವನ್ನೇ ಕೊಡುವುದು ಈ ಕಾರಣಕ್ಕೆ. ನೀವೂ ಅದನ್ನೇ ಕೊಡಿ.

ಅಮೆರಿಕದ ಅರ್ಥಗಳು ಕೌಂಟರ್‌ಫಾಯಿಲ್‌ನ ಕೊಂಬೆಯಲ್ಲೇ ಚಿಗುರಿದವು. 19ನೇ ಶತಮಾನದ ಅಮೆರಿಕನ್ ರೈಲುಗಳಲ್ಲಿ ಪ್ರಯಾಣಿಕರ ಪೆಟ್ಟಿಗೆಗೆ ಒಂದು ಲೋಹದ ಬಿಲ್ಲೆ ಕಟ್ಟಿ, ಅದೇ ಸಂಖ್ಯೆಯ ಇನ್ನೊಂದು ಬಿಲ್ಲೆಯನ್ನು ಪ್ರಯಾಣಿಕನ ಕೈಗೆ ಕೊಡುತ್ತಿದ್ದರು. ಇಳಿದ ಮೇಲೆ ಎರಡನ್ನೂ ಹೊಂದಿಸಿ ಪೆಟ್ಟಿಗೆ ಬಿಟ್ಟುಕೊಡುತ್ತಿದ್ದರು. ಆ ಬಿಲ್ಲೆಗೆ ‘ಚೆಕ್’ ಎಂದು ಹೆಸರು. ವಿಮಾನ ನಿಲ್ದಾಣದಲ್ಲಿ ಸಾಮಾನನ್ನು ‘ಚೆಕ್ ಇನ್’ ಮಾಡುವಾಗ ಕೈಗೆ ಬರುವ ಚೀಟಿ ಆ ಬಿಲ್ಲೆಯ ವಂಶದ್ದು. ಅಲ್ಲಿ ಚೆಕ್ ಎಂದರೆ ಸಾಮಾನನ್ನು ತಪಾಸಣೆ ಮಾಡುವುದಲ್ಲ, ಗುರುತು ಪಡೆದು ಒಪ್ಪಿಸುವುದು. ಕೋಟು, ಟೋಪಿ ಒಪ್ಪಿಸಿ ಚೀಟಿ ಪಡೆಯುವ ಜಾಗ ‘ಕೋಟ್ ಚೆಕ್’. ಹೋಟೆಲಿನಲ್ಲಿ ತಿಂದದ್ದನ್ನು ಬರೆದ ಚೀಟಿಗೂ ಅದೇ ಹೆಸರು ಬಂದು, ನೀವು ಕೇಳಿದ ಬಿಲ್ಲಿನ ಅರ್ಥವಾಯಿತು. ಬೇಸ್‌ಬಾಲ್ ಪಂದ್ಯ ಮಳೆಗೆ ನಿಂತರೆ ಇನ್ನೊಂದು ದಿನ ಪುಕ್ಕಟೆಯಾಗಿ ಬರಲು ಪ್ರೇಕ್ಷಕರ ಬಳಿ ಇರುತ್ತಿದ್ದ ಚೀಟಿ ‘ರೈನ್ ಚೆಕ್’. ಈಗ ‘ರೈನ್ ಚೆಕ್ ತೆಗೆದುಕೊಳ್ಳುತ್ತೇನೆ’ ಎಂದರೆ ‘ಇವತ್ತು ಬೇಡ, ಇನ್ನೊಮ್ಮೆ ಖಂಡಿತ’ ಎಂದು.

ಪಟ್ಟಿಯಲ್ಲಿ ಹಾಕುವ ಸರಿಗುರುತು ಅಮೆರಿಕದವರಿಗೆ ‘ಚೆಕ್’, ಬ್ರಿಟಿಷರಿಗೆ ‘ಟಿಕ್’. ತಾಳೆ ನೋಡಿದ್ದಾಯಿತು ಎಂಬುದರ ಗುರುತು ಅದು. ‘ಚೆಕ್‌ಲಿಸ್ಟ್’ ಅಲ್ಲಿಂದ ಬಂತು. ವಿಮಾನಯಾನದಲ್ಲಿ ಚೆಕ್‌ಲಿಸ್ಟ್‌ಗೆ ಇಂದಿರುವ ಸ್ಥಾನ ಒಂದು ದುರಂತದ ಫಲ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋದಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನ ಪರೀಕ್ಷಾ ಹಾರಾಟದಲ್ಲಿ ಮೇಲೇರಿದ ಸ್ವಲ್ಪದರಲ್ಲೇ ನೆಲಕ್ಕಪ್ಪಳಿಸಿ ಇಬ್ಬರು ಸತ್ತರು. ಎಂಜಿನ್ ಕೆಟ್ಟಿರಲಿಲ್ಲ. ವಿಮಾನ ನಿಂತಿರುವಾಗ ಗಾಳಿಗೆ ಅಲುಗಾಡದಂತೆ ಬಾಲದ ಪಟ್ಟಿಗಳಿಗೆ ಹಾಕುವ ಬೀಗವನ್ನು ಹಾರುವ ಮೊದಲು ತೆಗೆದಿರಲಿಲ್ಲ, ಅಷ್ಟೇ. ಚಾಲಕರು ಅನುಭವಿಗಳೇ ಆಗಿದ್ದರು. ನೆನಪನ್ನೊಂದೇ ನೆಚ್ಚಬಾರದೆಂದು ಪರೀಕ್ಷಾ ಚಾಲಕರು ಹಾರಾಟದ ಪ್ರತಿ ಹಂತಕ್ಕೂ ಬರೆದ ಪಟ್ಟಿ ಸಿದ್ಧಮಾಡಿದರು. ಸಣ್ಣ ಪದ ಎಷ್ಟು ಜೀವಗಳನ್ನು ಕಾಯಬಲ್ಲದೆಂದು ಹೇಳಲು ವಿದ್ಯಾರ್ಥಿಗಳಿಗೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

ಪದಕೋಶದ ಪ್ರಶ್ನೆಗೆ ಬರೋಣ. ಉಚ್ಚಾರಣೆ ಒಂದೇ ಆಗಿ ಬೇರು ಬೇರೆಯಾಗಿದ್ದರೆ ಬೇರೆ ನಮೂದು, ಬೇರು ಒಂದೇ ಆಗಿ ಅರ್ಥಗಳು ಕವಲೊಡೆದಿದ್ದರೆ ಒಂದೇ ನಮೂದಿನಡಿ ಕ್ರಮಸಂಖ್ಯೆ ಎಂಬುದು ನಿಘಂಟುಕಾರರ ರೂಢಿ. ಆ ಪ್ರಕಾರ ಚೆಕ್‌ಗೆ ಒಂದೇ ನಮೂದು ಸಾಕು. ಬ್ರಿಟಿಷ್ ಕಾಗುಣಿತದ ಬ್ಯಾಂಕ್ ಚೆಕ್ ಬೇರೆ ಅಕ್ಷರಗಳಲ್ಲಿ ಇರುವುದರಿಂದ ಅದಕ್ಕೆ ಪ್ರತ್ಯೇಕ ಸಾಲು ಕೊಟ್ಟು ಇಲ್ಲಿಗೆ ಕೈತೋರಿಸಿ. ಆದರೆ ಅರ್ಥಗಳನ್ನು ಇತಿಹಾಸದ ಕ್ರಮದಲ್ಲಿ ಕೊಡಬೇಡಿ. ವಿದ್ಯಾರ್ಥಿ ಹುಡುಕಿಕೊಂಡು ಬರುವುದು ಹೆಚ್ಚಾಗಿ ‘ಪರಿಶೀಲಿಸು’ ಎಂಬ ಅರ್ಥವನ್ನು, ಅದು ಮೊದಲು ಬರಲಿ. ಎರಡನೆಯದಾಗಿ ತಡೆ, ಹಿಡಿತ. ಆಮೇಲೆ ಗುರುತಿನ ಚೀಟಿ, ಬಿಲ್ಲು. ಆಮೇಲೆ ಚೌಕಳಿ. ಚದುರಂಗದ ಅರ್ಥ ಕೊನೆಗೆ ಬಂದರೂ ಅದರ ಪಕ್ಕದಲ್ಲಿ ‘ಇದೇ ಮೂಲ’ ಎಂದು ಬರೆಯಿರಿ.

ಪ್ರತಿ ಅರ್ಥಕ್ಕೂ ಒಂದು ವಾಕ್ಯ ಕೊಡುವುದನ್ನು ಮರೆಯಬೇಡಿ. ಕನ್ನಡದಲ್ಲಿ ಈ ಅರ್ಥಗಳಿಗೆಲ್ಲ ಸಲ್ಲುವ ಒಂದೇ ಪದವಿಲ್ಲ, ಇರಬೇಕಾಗಿಯೂ ಇಲ್ಲ. ಲೆಕ್ಕವಾದರೆ ತಾಳೆ ನೋಡುತ್ತೇವೆ, ವೈದ್ಯರು ಪರೀಕ್ಷಿಸುತ್ತಾರೆ, ಪೊಲೀಸರು ತಪಾಸಣೆ ಮಾಡುತ್ತಾರೆ, ಬಾಗಿಲು ಹಾಕಿದೆಯೇ ಎಂದು ಸುಮ್ಮನೆ ನೋಡಿಕೊಂಡು ಬರುತ್ತೇವೆ. ಇಂಗ್ಲಿಷ್ ಒಂದೇ ಪದದಿಂದ ನಡೆಸುವ ಕೆಲಸಕ್ಕೆ ನಮ್ಮಲ್ಲಿ ಸಂದರ್ಭಕ್ಕೆ ತಕ್ಕ ಪದಗಳಿವೆ. ‘ಅನ್‌ಚೆಕ್ಡ್’ ಪದಕ್ಕಂತೂ ಎರಡು ಉದಾಹರಣೆ ಬೇಕೇ ಬೇಕು. ‘ಅನ್‌ಚೆಕ್ಡ್ ಗ್ರೋತ್’ ಎಂದರೆ ಪರಿಶೀಲಿಸದ ಬೆಳವಣಿಗೆಯಲ್ಲ, ಅಂಕೆಯಿಲ್ಲದ ಬೆಳವಣಿಗೆ. ‘ಅನ್‌ಚೆಕ್ಡ್ ಬಾಕ್ಸ್’ ಎಂದರೆ ಗುರುತು ಹಾಕದೆ ಬಿಟ್ಟ ಚೌಕ. ಎರಡರಲ್ಲೂ ‘ಪರಿಶೀಲಿಸದ’ ಎಂದು ಬರೆದ ಅನುವಾದಗಳನ್ನು ನಾನು ತಿದ್ದಿದ್ದೇನೆ.

ಝೆಕ್ ಬೇರೆಯೇ ಪದ. ಅದು ಮಧ್ಯ ಯೂರೋಪಿನ ಒಂದು ಸ್ಲಾವ್ ಜನಾಂಗ ತನ್ನನ್ನು ಕರೆದುಕೊಳ್ಳುವ ಹೆಸರು. ಆ ಜನರ ಐತಿಹ್ಯದ ಮೂಲಪುರುಷನ ಹೆಸರೂ ಅದೇ. ಇಂಗ್ಲಿಷಿನವರು ಅದನ್ನು ಪೋಲಿಷ್ ಕಾಗುಣಿತದಲ್ಲಿ, ಸಿ-ಜೆಡ್ ಸೇರಿಸಿ ಬರೆಯುತ್ತಾರೆ, ಆದರೆ ಉಚ್ಚರಿಸುವುದು ‘ಚೆಕ್’ ಎಂದೇ. ಕನ್ನಡ ಪತ್ರಿಕೆಗಳ ‘ಝೆಕ್’ ಆ ಅಕ್ಷರಗಳನ್ನು ನೋಡಿ ಬಂದದ್ದು. ನಿಮ್ಮ ಪದಕೋಶದಲ್ಲಿ ಅದಕ್ಕೆ ದೊಡ್ಡಕ್ಷರದ ಪ್ರತ್ಯೇಕ ನಮೂದು ಕೊಟ್ಟು, ಉಚ್ಚಾರಣೆಯನ್ನು ಪಕ್ಕದಲ್ಲಿ ಬರೆಯಿರಿ.